ಇಲ್ಲವೆಂದ ಹುಡುಗರು

ಪಶ್ಚಿಮ ಬೆಂಗಳೂರಿನ ಹಳೆಯ ಮನೆಗಳಲ್ಲಿ, ರಾಜಾಜಿನಗರವಿರಲಿ ವಿಜಯನಗರವಿರಲಿ, ಅಟ್ಟದ ಮೇಲೆ ಒಂದು ಗಂಟು ಸಿಗುವುದುಂಟು. ಮಕ್ಕಳು ಬೆಳೆದು ಬೇರೆಯಾದ ಮೇಲೂ ರದ್ದಿಯವನ ತಕ್ಕಡಿಗೆ ಹಾಕಲು ಮನಸ್ಸು ಬಾರದೆ ಉಳಿದುಹೋದ ಪುಸ್ತಕಗಳ ಗಂಟು ಅದು. ಬಿಚ್ಚಿದರೆ ಹೊದಿಕೆ ಹರಿದ ‘ಚಂದಮಾಮ’, ಮೂಲೆ ಮಡಿಚಿದ ‘ಅಮರ ಚಿತ್ರಕಥೆ’, ಪುಟ್ಟ ‘ಭಾರತ-ಭಾರತಿ’. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಚಂದಮಾಮ 1949ರಲ್ಲಿ ಕನ್ನಡಕ್ಕೂ ಬಂತು. ಅದರ ಹೊದಿಕೆಗೆ ಮಹಾಭಾರತದ ಪ್ರಸಂಗಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಕನ್ನಡಿಗರೇ. ಅಮರ ಚಿತ್ರಕಥೆ ಎಂದೊಡನೆ ಮುಂಬಯಿಯ ಅನಂತ ಪೈ ಹಾಗೂ 1967ನೇ ಇಸವಿ ನೆನಪಾಗುತ್ತವೆ. ಅದಕ್ಕೂ ಮೊದಲೇ, 1965ರಲ್ಲಿ, ಇದೇ ಬೆಂಗಳೂರಿನ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸ್ ಮೂಲಕ ಕನ್ನಡದಲ್ಲಿ ಚಿತ್ರಕಥೆಗಳನ್ನು ತಂದಿದ್ದರೆಂಬುದು ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ತಂದ ಭಾರತ-ಭಾರತಿಯ ಹೊತ್ತಗೆಗಳಂತೂ 510.

ಈ ಗಂಟಿನಲ್ಲಿರುವ ಬಾಲನಾಯಕರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡೋಣ. ಪ್ರಹ್ಲಾದ ತಂದೆಯ ಮಾತು ಕೇಳಲಿಲ್ಲ. ನಚಿಕೇತ ತಂದೆಯ ದಾನವನ್ನು ಪ್ರಶ್ನಿಸಿದ. ಧ್ರುವ ತಂದೆಯ ತೊಡೆ ಸಿಗಲಿಲ್ಲವೆಂದು ಅರಮನೆಯನ್ನೇ ಬಿಟ್ಟು ಹೊರಟ. ಇವರಲ್ಲಿ ಬಹುಪಾಲು ಹುಡುಗರು ಹಿರಿಯರಿಗೆ ‘ಇಲ್ಲ’ ಎಂದವರು. ಈ ಪುಸ್ತಕಗಳನ್ನು ಕಾಸಿಗೆ ಕಾಸು ಕೂಡಿಸಿ ಕೊಂಡುಕೊಟ್ಟವರು ಯಾರು? ಹೇಳಿದ ಮಾತು ಕೇಳುವ ಮಗು ಬೇಕೆಂದು ಬಯಸಿದ ತಂದೆತಾಯಿಗಳು. ಮಾತು ಕೇಳಲಿ ಎಂದು ಮಾತು ಕೇಳದವನ ಕಥೆಯನ್ನು ಮಗುವಿನ ಕೈಗೆ ಕೊಡುವ ಈ ವಿಚಿತ್ರ ನಮ್ಮ ಗಮನಕ್ಕೆ ಏಕೆ ಬರುವುದಿಲ್ಲ?

ಉತ್ತರದ ಒಂದು ಪಾಲು ಚಿತ್ರದಲ್ಲಿಯೇ ಇದೆ. ಚಿತ್ರದ ಹಿರಣ್ಯಕಶಿಪುವನ್ನು ನೆನಪಿಸಿಕೊಳ್ಳಿ. ಕಿವಿಯ ತನಕ ತಿರುವಿದ ಮೀಸೆ, ಕೆಂಡದ ಕಣ್ಣು, ಹೆಗಲ ಮೇಲೆ ಗದೆ, ಅರ್ಧ ಚೌಕಟ್ಟು ತುಂಬುವ ಮೈ. ಮೂಲೆಯಲ್ಲಿ ಕೈಮುಗಿದು ನಿಂತ ಮಗು. ತೀರ್ಪು ಕೊಡಲು ಓದುವ ಮಗುವಿಗೆ ಏನೂ ಉಳಿದಿಲ್ಲ. ಕುಂಚ ಅದಾಗಲೇ ತೀರ್ಪು ಕೊಟ್ಟಿದೆ. ಓದಿ ಹೇಳುವ ತಂದೆಗೂ ಅಷ್ಟೇ ಆರಾಮ. ಅವನಿಗೆ ಅಂಥ ಮೀಸೆಯಿಲ್ಲ, ಗದೆಯಿಲ್ಲ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಎರಡನೆಯ ಪಾಳಿ ಮುಗಿಸಿ, ಬುತ್ತಿಡಬ್ಬಿ ಹಿಡಿದು ಮನೆಗೆ ಬಂದವನು. ಆ ರಕ್ಕಸನಿಗೂ ತನಗೂ ಏನು ಸಂಬಂಧ? ನಮಗೆ ತಿಳಿದಂತೆ ಪ್ರಹ್ಲಾದನ ಕಥೆ ಹೇಳುವ ಯಾವ ತಂದೆಯೂ ತಾನು ಹಿರಣ್ಯಕಶಿಪು ಇರಬಹುದೇ ಎಂದು ನಡುವೆ ನಿಲ್ಲಿಸಿ ಕೇಳಿಕೊಂಡಿಲ್ಲ.

ಭಾಗವತದ ಏಳನೆಯ ಸ್ಕಂಧದಲ್ಲಿ ಆ ತಂದೆ ಇಷ್ಟು ಸರಳವಾಗಿಲ್ಲ. ಅವನ ತಮ್ಮ ಹಿರಣ್ಯಾಕ್ಷನನ್ನು ವಿಷ್ಣು ವರಾಹನಾಗಿ ಕೊಂದಿದ್ದಾನೆ. ಮನೆಯಲ್ಲಿ ಸಾವಿನ ಗೋಳು. ಆಗ ಹಿರಣ್ಯಕಶಿಪು ತಾಯಿ ದಿತಿಯನ್ನೂ ತಮ್ಮನ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಆತ್ಮಕ್ಕೆ ಅಳಿವಿಲ್ಲ, ಅಳಬೇಡಿ ಎಂದು ವೇದಾಂತ ಹೇಳಿ ಸಮಾಧಾನಪಡಿಸುತ್ತಾನೆ. ರಕ್ಕಸನ ಬಾಯಲ್ಲಿ ವೇದಾಂತ! ಮನೆಯ ಹಿರಿಯನೊಬ್ಬ ಮಾಡಬೇಕಾದ ಕೆಲಸವನ್ನೇ ಅವನು ಮಾಡುತ್ತಿದ್ದಾನೆ. ಅಂಥವನ ಐದು ವರ್ಷದ ಮಗ, ತೊಡೆಯ ಮೇಲೆ ಕುಳಿತು, ಚಿಕ್ಕಪ್ಪನನ್ನು ಕೊಂದವನೇ ನನಗೆ ಗತಿ ಎಂದರೆ?

ಮೊದಲ ಸಲ ಈ ಮಾತು ಕೇಳಿ ಹಿರಣ್ಯಕಶಿಪು ಸಿಟ್ಟಾಗುವುದೇ ಇಲ್ಲ. ನಗುತ್ತಾನೆ. ಯಾರೋ ಮಗುವಿನ ಬುದ್ಧಿ ಕೆಡಿಸಿದ್ದಾರೆ, ಇನ್ನುಮುಂದೆ ಜೋಪಾನವಾಗಿ ನೋಡಿಕೊಳ್ಳಿ ಎನ್ನುತ್ತಾನೆ. ಎರಡನೆಯ ಸಲ ಸಿಟ್ಟು ಬಂದಾಗಲೂ ಅದು ಮೊದಲು ಹರಿಯುವುದು ಶುಕ್ರಾಚಾರ್ಯರ ಮಗನಾದ ಮೇಷ್ಟ್ರ ಮೇಲೆ. ಆನೆ, ಹಾವು, ವಿಷ, ಬೆಂಕಿ ಎಲ್ಲ ಆಮೇಲಿನವು. ಈ ನಗು ನಮಗೆ ಗುರುತಿನದು. ‘ನಮ್ಮ ಹುಡುಗ ಒಳ್ಳೆಯವನೇ, ಆ ಗೆಳೆಯರ ಸಹವಾಸ’ ಎಂಬ ಮಾತು ಕೇಳಿಬರದ ಬೀದಿ ಬಸವೇಶ್ವರನಗರದಲ್ಲೂ ಇಲ್ಲ, ಪಾದರಾಯನಪುರದಲ್ಲೂ ಇಲ್ಲ. ಮಗು ತಾನೇ ಯೋಚಿಸಿ ಒಂದು ನಿಲುವಿಗೆ ಬಂದಿರಬಹುದು ಎಂಬುದು ತಂದೆಗೆ ಕೊಟ್ಟಕೊನೆಗೆ ಹೊಳೆಯುವ ಸಂಗತಿ. ಚಿತ್ರಪುಸ್ತಕಗಳಿಗೆ ಈ ನಗುವಿಗೆ ಜಾಗವಿಲ್ಲ. ಗದೆ ಎತ್ತಿದ ಚಿತ್ರ ಬೇಗ ಬರಬೇಕಲ್ಲ.

1983ರ ‘ಭಕ್ತ ಪ್ರಹ್ಲಾದ’ ಚಲನಚಿತ್ರವನ್ನು ನಮ್ಮ ಪೀಳಿಗೆಯವರು ದೂರದರ್ಶನದಲ್ಲಿ ನೋಡಿದ್ದೇ ಹೆಚ್ಚು. ಹಿರಣ್ಯಕಶಿಪುವಾಗಿ ರಾಜಕುಮಾರ್, ಪ್ರಹ್ಲಾದನಾಗಿ ಅವರದೇ ಕಿರಿಯ ಮಗ, ಆಗಿನ ಮಾಸ್ಟರ್ ಲೋಹಿತ್, ಮುಂದೆ ಪುನೀತ್. ಗದೆ ಹಿಡಿದು ಗರ್ಜಿಸುವವನು ಆ ಮಗುವಿನ ನಿಜವಾದ ತಂದೆಯೇ ಎಂಬುದು ನೋಡುವವರಿಗೆಲ್ಲ ಗೊತ್ತಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುವಾಗ ಆ ಅರಿವೂ ಅದರಲ್ಲಿ ಸೇರಿತ್ತೇನೋ. ಚಿತ್ರಪುಸ್ತಕ ಮರೆಮಾಡಿದ್ದನ್ನು ಸಿನಿಮಾ ತಾನರಿಯದೆಯೇ ತೋರಿಸಿಬಿಟ್ಟಿತ್ತು: ರಕ್ಕಸನ ಬಣ್ಣದ ಕೆಳಗೆ ಇರುವವನು ಮನೆಯ ಅಪ್ಪ. ಇಂದು ಆ ತಂದೆಮಗ ಇಬ್ಬರ ಸಮಾಧಿಗಳೂ ರಾಜಾಜಿನಗರಕ್ಕೆ ಹತ್ತಿರದ ಕಂಠೀರವ ಸ್ಟುಡಿಯೋದ ಆವರಣದಲ್ಲಿವೆ. ತಂದೆ 2006ರಲ್ಲಿ, ಮಗ 2021ರಲ್ಲಿ ತೀರಿಕೊಂಡರು.

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದ ನಮ್ಮಂಥವರಿಗೆ ಇನ್ನೊಬ್ಬ ಹುಡುಗನೂ ಸಿಕ್ಕಿದ್ದ. ಅವನಿಗೆ ಚಿತ್ರವಿರಲಿಲ್ಲ. ದೆಹಲಿಯ ಷಮಾ ಬಳಗದವರು ಹೊರತರುತ್ತಿದ್ದ ‘ಖಿಲೌನಾ’ ಮಾಸಿಕದ ಹಳೆಯ ಸಂಚಿಕೆಗಳಲ್ಲಿ ರಾಜಕುಮಾರರಿಗೂ ಜಿನ್ನುಗಳಿಗೂ ಬೇಕಾದಷ್ಟು ಚಿತ್ರಗಳಿದ್ದವು. ಪೈಗಂಬರರನ್ನು ಚಿತ್ರಿಸುವಂತಿಲ್ಲವಾದ್ದರಿಂದ ಹಜ್ರತ್ ಇಬ್ರಾಹೀಮರು ಬರೀ ಅಕ್ಷರದಲ್ಲಿದ್ದರು. ತಂದೆ ಆಜರ್ ವಿಗ್ರಹ ಕಡೆಯುವವನೆಂದು ನಮ್ಮ ಕಡೆ ಹೇಳುತ್ತಾರೆ. ಮಗ ಅವನಿಗೆ ‘ಇಲ್ಲ’ ಎಂದ. ಬೆಂಕಿಗೆ ಹಾಕಿದರು, ಪ್ರಹ್ಲಾದನಿಗೆ ಆದ ಹಾಗೆಯೇ ಬೆಂಕಿ ತಣ್ಣಗಾಯಿತು.

ವಿಗ್ರಹ ಒಡೆದ ಪ್ರಸಂಗವನ್ನು ನಮ್ಮ ಮೊಹಲ್ಲಾಗಳಲ್ಲಿ ದನಿಯೆತ್ತರಿಸಿ ಹೇಳುತ್ತಾರೆ. ಅದನ್ನು ಕೇಳಿ ಪಕ್ಕದ ಮನೆಯ ಹಿಂದೂ ಗೆಳೆಯರಿಗೆ ಕಸಿವಿಸಿಯಾದರೆ ಅದು ಸಹಜ. ಹನ್ನೊಂದನೆಯ ಶತಮಾನದ ಸೂಫಿ ಅಲ್-ಖುಶೈರಿ ಈ ಪ್ರಸಂಗವನ್ನು ಓದಿದ ಬಗೆ ಬೇರೆ. ಕುರ್‌ಆನಿನಲ್ಲಿ ಊರ ಜನ ಇಬ್ರಾಹೀಮರನ್ನು ‘ಫತಾ’ ಎಂದು ಕರೆಯುತ್ತಾರೆ, ಅಂದರೆ ಹರೆಯದ ಹುಡುಗ. ಸೂಫಿಗಳು ಸಜ್ಜನಿಕೆಗೂ ಧೈರ್ಯಕ್ಕೂ ಒಟ್ಟಾಗಿ ಬಳಸುವ ‘ಫುತೂವ್ವತ್’ ಎಂಬ ಮಾತು ಈ ಫತಾದಿಂದಲೇ ಬಂದದ್ದು. ವಿಗ್ರಹ ಒಡೆದವನು ಫತಾ ಹೌದು, ಆದರೆ ಪ್ರತಿಯೊಬ್ಬನ ವಿಗ್ರಹ ಅವನವನ ‘ನಾನು’ ಎಂಬುದೇ ಎಂದು ಖುಶೈರಿ ವಿವರಿಸುತ್ತಾರೆ. ಇದು ನಮ್ಮ ವೇದಿಕೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಕೇಳಿಬರದ ಇನ್ನೊಂದು ಭಾಗ ಸೂರಾ ಮರ್ಯಮ್‌ನಲ್ಲಿದೆ. ಅಲ್ಲಿ ಹುಡುಗ ತಂದೆಯೊಡನೆ ವಾದಿಸುತ್ತಾನೆ. ಒಂದೊಂದು ಮಾತಿಗೂ ಮುನ್ನ ‘ಯಾ ಅಬತಿ’ ಎನ್ನುತ್ತಾನೆ. ನಮ್ಮ ಮನೆಗಳ ‘ಅಬ್ಬಾ’ಕ್ಕೆ ತೀರಾ ಹತ್ತಿರದ ಅಕ್ಕರೆಯ ಕರೆ ಅದು. ನಾಲ್ಕು ಸಲ ಬರುತ್ತದೆ. ತಂದೆ ಕಲ್ಲೆಸೆದು ಕೊಲ್ಲುವೆನೆಂದು ಹೆದರಿಸಿ ಮನೆಯಿಂದಾಚೆ ಹೋಗೆನ್ನುತ್ತಾನೆ. ಮಗ ಸಲಾಮ್ ಹೇಳಿ, ನಿಮಗಾಗಿ ದೇವರಲ್ಲಿ ಕ್ಷಮೆ ಬೇಡುವೆನೆಂದು ಹೊರಡುತ್ತಾನೆ. ಪ್ರಹ್ಲಾದನೂ ಕೊನೆಗೆ ನರಸಿಂಹನಲ್ಲಿ ಬೇಡುವುದು ತನ್ನ ತಂದೆಯ ಪಾಪ ಕಳೆಯಲಿ ಎಂದೇ. ಎರಡು ಕಥೆಗಳು ಒಂದರಿಂದೊಂದು ಎರವಲು ಪಡೆದಿವೆಯೆಂದು ನಾವು ಹೇಳುತ್ತಿಲ್ಲ. ಇಬ್ಬರು ಹುಡುಗರೂ ತಂದೆಯ ಮಾತನ್ನು ಬಿಟ್ಟರು, ತಂದೆಯನ್ನು ಬಿಡಲಿಲ್ಲ ಎಂಬುದಷ್ಟೇ ನಮಗಿಲ್ಲಿ ಮುಖ್ಯ.

ಚಿತ್ರವಿಲ್ಲದ್ದರಿಂದ ಒಂದು ಅನುಕೂಲವಾಯಿತು. ಆಜರನಿಗೆ ಮೀಸೆ ಎಷ್ಟಿತ್ತೋ ಯಾರಿಗೂ ತಿಳಿಯದು. ಓದುವ ಹುಡುಗ ಅಲ್ಲಿ ಯಾವ ಮುಖ ಹಾಕಿಕೊಳ್ಳುತ್ತಾನೆ? ತನಗೆ ಗೊತ್ತಿರುವ ತಂದೆಯ ಮುಖವನ್ನೇ. ಹಾಗೆಂದು ಚಿತ್ರವಿಲ್ಲದ ಕಥೆಯೇ ಮೇಲು ಎಂದು ಬೀಗಬೇಕಿಲ್ಲ. ಕುಂಚ ಮಾಡುವ ಕೆಲಸವನ್ನು ನಾಲಗೆಯೂ ಮಾಡುತ್ತದೆ. ಆಜರನನ್ನು ಬಾಯಲ್ಲೇ ರಕ್ಕಸನಾಗಿಸುವ ಭಾಷಣಗಳನ್ನು ನಾವು ಎಷ್ಟೋ ಕೇಳಿದ್ದೇವೆ.

ಇನ್ನು ಮಾತು ಕೇಳಿದ ಹುಡುಗರು. ಕಾವಡಿ ಹೊತ್ತ ಶ್ರವಣಕುಮಾರ ಒಂದೆಡೆ, ಕುರಬಾನಿಗೆ ಒಪ್ಪಿಕೊಂಡ ಇಸ್ಮಾಯೀಲ್ ಇನ್ನೊಂದೆಡೆ. ಬಕ್ರೀದಿನ ಖುತ್ಬಾಗಳಲ್ಲಿ ಮಗನ ಈ ವಿಧೇಯತೆಯನ್ನು ಎಷ್ಟು ಹೊಗಳಿದರೂ ಸಾಲದು. ತಂದೆಯಾದವರೆಲ್ಲ ತಲೆದೂಗುತ್ತಾರೆ, ಪಕ್ಕದಲ್ಲಿ ಕೂತ ಮಗನನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ. ಆದರೆ ಸೂರಾ ಸಾಫ್ಫಾತ್‌ನಲ್ಲಿ ಈ ಪ್ರಸಂಗ ಆರಂಭವಾಗುವುದು ಮಗನ ಒಪ್ಪಿಗೆಯಿಂದಲ್ಲ. ಮಗ ತಂದೆಯ ಜೊತೆ ನಡೆದಾಡಿ ದುಡಿಯುವಷ್ಟು ಬೆಳೆದಾಗ ಇಬ್ರಾಹೀಮರು ಅವನಿಗೆ ತಮ್ಮ ಕನಸನ್ನು ಹೇಳಿ, ನಿನ್ನ ಅಭಿಪ್ರಾಯವೇನು, ನೋಡು ಎಂದು ಕೇಳುತ್ತಾರೆ. ದೇವರ ಆಜ್ಞೆಯೆಂದು ತಾವು ನಂಬಿದ್ದರ ಬಗ್ಗೆಯೂ ಹುಡುಗನನ್ನು ಕೇಳುತ್ತಾರೆ. ಮಗನ ಉತ್ತರ ಶುರುವಾಗುವುದು ಅದೇ ಕರೆಯಿಂದ: ‘ಯಾ ಅಬತಿ’. ಒಂದು ಕಾಲಕ್ಕೆ ತಂದೆಯ ಮುಂದೆ ನಿಂತು ಆ ಕರೆಯೊಡನೆ ‘ಇಲ್ಲ’ ಎಂದ ಹುಡುಗ ಈಗ ತಾನೇ ತಂದೆ. ತನ್ನನ್ನು ಯಾರೂ ಕೇಳಿರಲಿಲ್ಲ. ಅವನು ಕೇಳಿದ.

ಈ ಕೇಳುವಿಕೆಯನ್ನು ಬಿಟ್ಟು ಬರಿಯ ಒಪ್ಪಿಗೆಯನ್ನು ಮಾತ್ರ ಮಕ್ಕಳಿಗೆ ಬೋಧಿಸುವುದು ನ್ಯಾಯವೇ ಎಂಬುದು ನಮ್ಮ ಪ್ರಶ್ನೆ.

ಬಸವೇಶ್ವರನಗರದ ನಾಮಫಲಕದ ಕೆಳಗೆ ದಿನವೂ ಸಾವಿರಾರು ಜನ ಬಸ್ಸಿಗೆ ಕಾಯುತ್ತಾರೆ. ಆ ಬಡಾವಣೆಗೆ ಹೆಸರು ಕೊಟ್ಟವರೂ ಇಲ್ಲವೆಂದ ಹುಡುಗರೇ. ಭೀಮಕವಿಯ ‘ಬಸವಪುರಾಣ’ದ ಪ್ರಕಾರ ಉಪನಯನದ ಹೊತ್ತಿನಲ್ಲಿ ಬಾಲಕ ತಂದೆ ಮಾದರಸನೊಡನೆ ವಾದಕ್ಕೆ ನಿಂತ. ಅದಕ್ಕಿಂತ ಹಳೆಯ ಹರಿಹರನ ರಗಳೆಯಲ್ಲಿ ತಂದೆತಾಯಿ ಮೊದಲೇ ತೀರಿಕೊಂಡಿರುತ್ತಾರೆ, ಬಸವ ಹರೆಯಕ್ಕೆ ಬಂದ ಮೇಲೆ ಜನಿವಾರ ಕಿತ್ತೆಸೆದು ಊರು ಬಿಡುತ್ತಾನೆ. ಎದುರಿಸಲು ತಂದೆಯೇ ಇಲ್ಲ. ಕ್ಯಾಲೆಂಡರಿಗೂ ಶಾಲೆಯ ಗೋಡೆಗೂ ಒಗ್ಗಿದ್ದು ಮಾತ್ರ ಮೊದಲಿನದೇ. ಎದುರಿಗೆ ತಂದೆಯಿಲ್ಲದಿದ್ದರೆ ಚಿತ್ರ ಬರೆಯುವುದು ಹೇಗೆ?

ಹುಡುಗಿಯರು ಎಲ್ಲಿ ಎಂದು ಓದುಗರು ಕೇಳಬಹುದು. ಸಾವಿತ್ರಿ ಇದ್ದಾಳೆ. ಸತ್ಯವಾನ ವರ್ಷದೊಳಗೆ ಸಾಯುವನೆಂದು ನಾರದರು ಹೇಳಿ, ಬೇರೆ ಯಾರನ್ನಾದರೂ ಆರಿಸಿಕೋ ಎಂದು ತಂದೆ ಅಶ್ವಪತಿ ಬೇಡಿದಾಗ ಅವಳು ಒಪ್ಪಲಿಲ್ಲ. ಯಮನನ್ನು ಎದುರಿಸುವ ಮೊದಲು ಅವಳು ಅಪ್ಪನನ್ನು ಎದುರಿಸಿದ್ದಳು. ನಾವು ಅವಳನ್ನು ಪತಿವ್ರತೆಯೆಂದು ಪೂಜಿಸಿ ಆ ಮೊದಲನೆಯ ‘ಇಲ್ಲ’ವನ್ನು ಮರೆತೆವು.

ಪುಸ್ತಕದ ಮಾತು ಪುಸ್ತಕದಲ್ಲೇ ಉಳಿದರೆ ಈ ಚರ್ಚೆಗೆ ಅರ್ಥವಿಲ್ಲ. ವಿಜಯನಗರದ ಆಚೆ ಬದಿಯ ಒಂದು ಮನೆ ನಮಗೆ ಪರಿಚಯ. ತಂದೆ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದವರು. ಮಗನಿಗೆ 2011ರಲ್ಲಿ ಮದುವೆ ಗೊತ್ತಾಯಿತು. ನಮ್ಮವರಲ್ಲಿ ‘ಜೋಡೆ ಕಿ ರಖಂ’ ಎಂಬ ಹೆಸರಿನಲ್ಲಿ ವರದಕ್ಷಿಣೆ ನಡೆದುಬಂದಿರುವುದು ಓದುಗರಿಗೆ ಹೊಸದಲ್ಲ. ಮಹರ್ ಕೊಡಬೇಕಾದ ಗಂಡಿನ ಕಡೆಯವರೇ ಕೈಯೊಡ್ಡುವ ಪದ್ಧತಿ. ಮಂಗ್ನಿಯ ದಿನ ಎರಡು ಲಕ್ಷ ತಂದೆಯ ಕೈಗೆ ಬಂತು. ನಿಕಾಹಿಗೆ ಹತ್ತು ದಿನವಿರುವಾಗ ಮಗ ಆ ಹಣ ಹಿಂದಿರುಗಿಸಬೇಕೆಂದ.

ಹಣ ಆಗಲೇ ಇರಲಿಲ್ಲ. ಹಿಂದಿನ ವರ್ಷ ಮಗಳ ಮದುವೆಗೆ ಮಾಡಿದ ಸಾಲಕ್ಕೆ ಹೋಗಿತ್ತು. ಅವಳ ಅತ್ತೆಮನೆಯವರೂ ಇಷ್ಟೇ ಮೊತ್ತ ಎಣಿಸಿಕೊಂಡಿದ್ದರು.

‘ನಿನ್ನ ತಂಗಿಗೆ ಕೊಡುವಾಗ ಎಲ್ಲಿತ್ತು ನಿನ್ನ ದೀನು?’ ಎಂದರು ತಂದೆ.

‘ಆಗ ಸುಮ್ಮನಿದ್ದೆ, ಅಬ್ಬಾ. ಅದಕ್ಕೇ ಈಗ ಆಗೋದಿಲ್ಲ ಅಂತಿರೋದು.’

ತಂದೆತಾಯಿಗೆ ‘ಉಫ್’ ಎಂದೂ ಅನ್ನಬಾರದೆಂಬ ಆಜ್ಞೆಯನ್ನು ತಂದೆ ನೆನಪಿಸಿದರು. ನ್ಯಾಯದ ಪರ ನಿಲ್ಲಿ, ಅದು ನಿಮಗೇ ಇಲ್ಲವೆ ನಿಮ್ಮ ತಂದೆತಾಯಿಗೇ ವಿರುದ್ಧವಾದರೂ ಸರಿ ಎಂಬ ಸೂರಾ ನಿಸಾದ 135ನೆಯ ಆಯತಿನ ಅರ್ಥವನ್ನು ಮಗ ಹೇಳಿದ. ಇಬ್ಬರ ನಡುವೆ ಕೂತಿದ್ದ ಇಮಾಮರು ಎರಡೂ ಸರಿಯೆಂದು ಹೇಳಿ ಚಹಾ ಕುಡಿದು ಹೋದರು. ಮಗ ಕೆಲಸದ ಕಡೆ ಸಾಲ ತೆಗೆದು ಹೆಣ್ಣಿನ ಮನೆಗೆ ಹಣ ಮುಟ್ಟಿಸಿದ. ಸಂಬಂಧಿಕರ ಮುಂದೆ ತಂದೆಯ ತಲೆ ತಗ್ಗಿತು. ಮಗ ದೊಡ್ಡವನಾದ, ಅಪ್ಪ ಲಾಲಚಿ ಆದ. ನಿಕಾಹಿನ ದಿನ ಅವರು ಬಂದರು. ಕೊನೆಯ ಸಾಲಿನಲ್ಲಿ ಕೂತರು. ಬಿರಿಯಾನಿಯ ತಟ್ಟೆ ಮುಟ್ಟಲಿಲ್ಲ. ಇವತ್ತಿಗೂ ಒಂದೇ ಸೂರಿನಡಿ ಎರಡು ಒಲೆ.

ಆ ಹುಡುಗ ಮಾಡಿದ್ದು ಸರಿ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಎರಡು ಲಕ್ಷದ ಭಾರ ಹೊರಬೇಕಾಗಿದ್ದು ಇನ್ನೊಂದು ಮನೆಯ ತಂದೆ, ಅವರ ಕಡೆ ಮಾತಾಡುವವರು ಆ ಕೋಣೆಯಲ್ಲಿ ಇವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆದರೆ ಈ ಸಂಗತಿಯನ್ನು ಚಿತ್ರಕಥೆ ಮಾಡಹೊರಟರೆ ಮೀಸೆ ಯಾರಿಗೆ ಬರೆಯೋಣ? ಮಗಳ ಸಾಲಕ್ಕೆ ಸೊಸೆಯ ಮನೆಯ ಹಣ ಹೊಂದಿಸಿದ, ಮೂವತ್ತು ವರ್ಷ ಕಬ್ಬಿಣ ಕಡೆದು ಬೆರಳು ಮೊಂಡಾದ ಆ ಮನುಷ್ಯನಿಗೆ ಗದೆ ಕೊಡಲು ಕೈ ಬರುವುದಿಲ್ಲ. ತಪ್ಪು ಮಾಡುವ ತಂದೆ ಹೆಚ್ಚಾಗಿ ಹೀಗೆಯೇ ಇರುತ್ತಾನೆ. ಆದ್ದರಿಂದಲೇ ಅವನಿಗೆ ‘ಇಲ್ಲ’ ಎನ್ನುವುದು ರಕ್ಕಸನಿಗೆ ‘ಇಲ್ಲ’ ಎನ್ನುವುದಕ್ಕಿಂತ ಕಷ್ಟ. ರಕ್ಕಸನ ಮುಂದೆ ಧೈರ್ಯ ಸಾಕು. ಇಲ್ಲಿ ಧೈರ್ಯದ ಜೊತೆಗೆ ಆ ಮೊಂಡು ಬೆರಳುಗಳನ್ನು ದಿನವೂ ನೋಡಿಕೊಂಡು ಬಾಳಬೇಕು. ನಾಲ್ಕು ಸಲ ‘ಯಾ ಅಬತಿ’ ಎಂದರೂ ಕೇಳಿಸಿಕೊಳ್ಳದ ತಂದೆಯರಿದ್ದಾರೆ, ಇಬ್ರಾಹೀಮರಿಗೇ ಅದು ತಪ್ಪಲಿಲ್ಲ. ಮೆದುವಾಗಿ ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಹೊರಗೆ ನಿಂತ ನಾವು ಬುದ್ಧಿ ಹೇಳುವುದು ಸುಲಭ.

ಮೂವತ್ತೆರಡು ಪುಟದ ಚಿತ್ರಕಥೆಗೆ ಇನ್ನೊಂದು ಮಿತಿಯಿದೆ. ಅದು ಹುಡುಗನನ್ನು ಹುಡುಗನಾಗಿಯೇ ಬಿಟ್ಟು ಮುಗಿಯುತ್ತದೆ. ನರಸಿಂಹನ ಮುಂದೆ ಪ್ರಹ್ಲಾದ ಕೈಮುಗಿದು ನಿಂತ, ಅವನಿಗೆ ಪಟ್ಟವಾಯಿತು, ಶುಭಂ. ಮುಂದೆ ಅವನು ಎಂಥ ತಂದೆಯಾದ ಎಂದು ಯಾವ ಮಗುವೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ, ಧೃತರಾಷ್ಟ್ರನಿಗೆ ವಿದುರ ಬುದ್ಧಿ ಹೇಳುವಲ್ಲಿ, ಅದು ಬರುತ್ತದೆ. ಮಗನ ಮೇಲಿನ ಮೋಹಕ್ಕೆ ರಾಜ್ಯವನ್ನೇ ಬಲಿಕೊಡುತ್ತಿರುವ ಕುರುಡು ತಂದೆಗೆ ಆ ಕಥೆ ಹೇಳಿದ್ದು ವಿದುರನ ಜಾಣತನ.

ಪ್ರಹ್ಲಾದನ ಮಗ ವಿರೋಚನ. ಕೇಶಿನಿಯೆಂಬ ಕನ್ಯೆಯ ಎದುರು ಅವನಿಗೂ ಸುಧನ್ವನೆಂಬ ಬ್ರಾಹ್ಮಣ ಯುವಕನಿಗೂ ಯಾರು ಹೆಚ್ಚು ಎಂಬ ವಾದ ಹುಟ್ಟುತ್ತದೆ. ಇಬ್ಬರೂ ಪ್ರಾಣವನ್ನೇ ಪಣವಾಗಿಡುತ್ತಾರೆ. ತೀರ್ಪಿಗೆ ಹೋಗುವುದು ಯಾರ ಬಳಿಗೆ? ವಿರೋಚನನ ತಂದೆಯ ಬಳಿಗೇ. ಪ್ರಹ್ಲಾದ ಕೂಡಲೇ ಉತ್ತರಿಸುವುದಿಲ್ಲ. ಇರುವವನು ಒಬ್ಬನೇ ಮಗ, ಹೇಗೆ ಹೇಳಲಿ ಎನ್ನುತ್ತಾನೆ. ಗೊತ್ತಿದ್ದೂ ಸುಳ್ಳು ತೀರ್ಪು ಕೊಟ್ಟವನಿಗೆ ಏನಾಗುತ್ತದೆಂದು ಸುಧನ್ವನನ್ನೇ ಕೇಳಿ ತಿಳಿದುಕೊಳ್ಳುತ್ತಾನೆ. ಆಮೇಲೆ ಮಗನ ಕಡೆ ತಿರುಗಿ, ಸುಧನ್ವ ನಿನಗಿಂತ ಮೇಲು, ನಿನ್ನ ಪ್ರಾಣಕ್ಕೆ ಈಗ ಅವನೇ ಒಡೆಯ ಎಂದುಬಿಡುತ್ತಾನೆ. ಅಷ್ಟು ಹೇಳಿ ಮುಗಿದ ಮೇಲೆ, ಆನೆಗೂ ಹಾವಿಗೂ ಬೆಂಕಿಗೂ ಬಗ್ಗದ ಅದೇ ಪ್ರಹ್ಲಾದ, ಸುಧನ್ವನ ಮುಂದೆ ನಿಂತು ಮಗನನ್ನು ತನಗೆ ಹಿಂದಿರುಗಿಸಿಕೊಡೆಂದು ಬೇಡಿಕೊಳ್ಳುತ್ತಾನೆ.